ಗೆಳೆಯನಿಗೊಂದು ಪತ್ರ: ಪುಟ್ಟಿಯ ಚಾರ್ಟಿಗೆ ಹತ್ತು ಸಂಗತಿ

ಲೋ ಗೆಳೆಯಾ,

ಪುಟ್ಟಿಯ ಶಾಲೆಯ ಚಾರ್ಟಿಗೆ ಪ್ರಾಣಿಗಳ ಬಗ್ಗೆ ಹತ್ತು ಸ್ವಾರಸ್ಯದ ಸಂಗತಿ ಬೇಕು, ಒಂದೊಂದು ಸಾಲು ಸಾಕು ಅಂತ ನೀನು ಅಂದಿದ್ದೆ. ಒಂದೊಂದು ಸಾಲಿಗೆ ನಿಲ್ಲಲಿಲ್ಲ ಕಣೋ. ಜಿರಾಫೆ, ನೀಲಿ ತಿಮಿಂಗಿಲ ಎಲ್ಲ ಅವಳ ಪುಸ್ತಕದಲ್ಲೇ ಇರುತ್ತವೆ. ನಾನು ನಮ್ಮ ಬೆಂಗಳೂರಿನ ಗೋಡೆ, ಮರ, ತಂತಿ, ತಾರಸಿಯ ಮೇಲೆ ಇರುವವನ್ನೇ ಹಿಡಿದುಕೊಂಡೆ. ಆಮೆಯ ವಿಷಯ ಎತ್ತುವುದಿಲ್ಲ, ಮಾತು ಕೊಟ್ಟಿದ್ದೇನಲ್ಲ. ನಿನಗೊಬ್ಬನಿಗೇ ಕಳಿಸದೆ ಎಲ್ಲರೆದುರು ಯಾಕೆ ಬರೆಯುತ್ತಿದ್ದೇನೆ ಅನ್ನುವುದು ಮುಂದೆ ನಿನಗೇ ಗೊತ್ತಾಗುತ್ತದೆ.

ಮೊದಲು ಹಲ್ಲಿ. ಅದು ಲೊಚಗುಟ್ಟಿದಾಗ ನಿಮ್ಮಮ್ಮ ನೆಲ ತಟ್ಟಿ 'ಕೃಷ್ಣ ಕೃಷ್ಣ' ಅನ್ನುತ್ತಾರಲ್ಲ, ಆ ಸದ್ದು ಇನ್ನೊಂದು ಹಲ್ಲಿಗೆ 'ಇದು ನನ್ನ ಜಾಗ' ಅಂತ ಹೇಳುವುದಕ್ಕೆ, ಇಲ್ಲವೇ ಜೊತೆ ಕರೆಯುವುದಕ್ಕೆ. ಗೋಡೆಗೆ ಕಚ್ಚಿಕೊಳ್ಳುವ ಅದರ ಬೆರಳಿನಲ್ಲಿ ಅಂಟೂ ಇಲ್ಲ, ಗಾಳಿ ಹೀರುವ ಬಟ್ಟಲೂ ಇಲ್ಲ. ಪಾದದ ಅಡಿಯಲ್ಲಿ ಲಕ್ಷಗಟ್ಟಲೆ ಸೂಕ್ಷ್ಮ ಕೂದಲು, ಒಂದೊಂದರ ತುದಿಯಲ್ಲೂ ನೂರಾರು ಕವಲು. ಆ ಕವಲುಗಳು ಗೋಡೆಗೆ ಎಷ್ಟು ಹತ್ತಿರ ಹೋಗುತ್ತವೆ ಅಂದರೆ ಅಣುವಿಗೂ ಅಣುವಿಗೂ ನಡುವಿನ ಸೆಳೆತವೇ ಹಲ್ಲಿಯನ್ನು ಹೊರುತ್ತದೆ. ಇದಕ್ಕೆ ಪುರಾವೆ ಸಿಕ್ಕಿದ್ದು 2002ರಲ್ಲಿ. ಹೆಜ್ಜೆ ಕೀಳುವಾಗ ಬೆರಳನ್ನು ತುದಿಯಿಂದ ಮೇಲಕ್ಕೆ ಸುರುಳಿ ಸುತ್ತಿ ಬಿಡಿಸಿಕೊಳ್ಳುತ್ತದೆ. ಸ್ಟಿಕ್ಕರ್ ಸುಲಿದ ಹಾಗೆ.

ಇಲಿಗೆ ಅಂತ ಇಡುವ ಅಂಟಿನ ಹಲಗೆಯ ಮೇಲೆ ಈ ಸುರುಳಿ ನಡೆಯುವುದಿಲ್ಲ. ಬೆರಳು ಮಡಚಲು ಹೋದರೆ ಹೊಟ್ಟೆ ಅಂಟುತ್ತದೆ, ಒದ್ದಾಡಿದಷ್ಟೂ ಇನ್ನಷ್ಟು ಮೈ ಅಂಟುತ್ತದೆ. ಹಲ್ಲಿ ಅಂಟಿಕೊಂಡಿದ್ದು ಕಂಡರೆ ಎಳೆಯಬೇಡಿ. ಚರ್ಮ ಸುಲಿಯುತ್ತದೆ, ಬಾಲ ಕಳಚುತ್ತದೆ. ಮೊದಲು ಸುತ್ತಲಿನ ಖಾಲಿ ಅಂಟಿನ ಮೇಲೆ ಹಿಟ್ಟು ಉದುರಿಸಿ, ಯಾವ ಹಿಟ್ಟಾದರೂ ಸರಿ. ಬಿಡಿಸಿದ ಕಾಲು ಮತ್ತೆ ಅಂಟಬಾರದಲ್ಲ. ಆಮೇಲೆ ಕಿವಿ ಕಡ್ಡಿಯ ಹತ್ತಿಗೆ ಅಡುಗೆ ಎಣ್ಣೆ ಅದ್ದಿ, ಅಂಟಿದ ಅಂಚಿಗೆ ಸ್ವಲ್ಪ ಸ್ವಲ್ಪವೇ ಇಳಿಸಿ. ಮೂಗು, ಕಣ್ಣಿನ ಹತ್ತಿರ ಬೇಡ. ಐದರಿಂದ ಹತ್ತು ನಿಮಿಷ ಕಾಯಿರಿ, ಅವಸರ ಮಾಡಿದವರೇ ಕಾಲು ಮುರಿಯುವುದು. ಅಂಟು ಮೆತ್ತಗಾದ ಮೇಲೆ ಒಂದೊಂದೇ ಕಾಲು ಬಿಡಿಸಿ, ಮೈಮೇಲಿನ ಎಣ್ಣೆಯನ್ನು ಮೆತ್ತನೆಯ ಕಾಗದದಿಂದ ಒತ್ತಿ ತೆಗೆಯಿರಿ. ಸೀಮೆಎಣ್ಣೆ, ಥಿನ್ನರ್ ಬೇಡವೇ ಬೇಡ, ಅದು ವಿಷ. ಬಿಡುವುದು ಗಿಡದ ಬುಡದಲ್ಲಿ, ನೆರಳಲ್ಲಿ. ಎಣ್ಣೆ ಹತ್ತಿದ ಪಾದಕ್ಕೆ ಗೋಡೆ ಸಿಕ್ಕುವುದಿಲ್ಲ.

ಆ ಹಲಗೆ ಕೊಂಡವರು ಇದನ್ನು ಓದುತ್ತಿರುವವರಲ್ಲೂ ಇದ್ದಾರೆ. ಅವರಿಗಾಗಿಯೇ ಎಲ್ಲರೆದುರು ಬರೆದದ್ದು.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಕಾಡುಪಾಪ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದೆ, ಜಿಕೆವಿಕೆ ಅನ್ನುವ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲೂ ಇದೆ. ಕಾಲು ಕಿಲೋ ಆಸುಪಾಸಿನ ತೂಕ, ಬಾಲ ಇಲ್ಲ, ಮುಖದ ತುಂಬ ಕಣ್ಣು. ಕೋತಿಯ ದೂರದ ನೆಂಟ, ಆದರೆ ನೆಗೆಯುವುದು ಅದರ ರಕ್ತದಲ್ಲೇ ಇಲ್ಲ. ಒಂದು ಕೈ ಕೊಂಬೆ ಹಿಡಿದ ಮೇಲೆಯೇ ಇನ್ನೊಂದು ಕೈ ಬಿಡುವುದು. ಕೈಕಾಲಿಗೆ ಹೋಗುವ ರಕ್ತನಾಳ ಕೂದಲೆಳೆಯಂಥ ಕವಲುಗಳಾಗಿ ಒಡೆದು ಜಾಲವಾಗಿರುತ್ತದೆ. ಗಂಟೆಗಟ್ಟಲೆ ಒಂದೇ ಕೊಂಬೆ ಹಿಡಿದು ಕೂತರೂ ಅದಕ್ಕೆ ನಮ್ಮ ಹಾಗೆ ಜೋಮು ಹಿಡಿಯುವುದಿಲ್ಲ. ಅಪಾಯ ಅನ್ನಿಸಿದರೆ ಓಡುವುದಿಲ್ಲ, ಇದ್ದಲ್ಲೇ ಹೆಪ್ಪುಗಟ್ಟಿದ ಹಾಗೆ ನಿಲ್ಲುತ್ತದೆ. ಅಲುಗಿದ್ದನ್ನು ಹಿಡಿಯುವ ಗೂಬೆಯ ಎದುರು ಇದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಈಗ ಎರಡು ಮರಗಳ ನಡುವೆ ಕೊಂಬೆ ಕಡಿದೆವು ಅನ್ನು. ಕಾಡುಪಾಪಕ್ಕೆ ಮೈ ಚಾಚಿದಷ್ಟು ದೂರ ಮಾತ್ರ ದಾಟಲು ಸಾಧ್ಯ. ಮೈಯ ಉದ್ದ ಒಂದು ಅಡಿಯೂ ಇಲ್ಲ. ಆ ಸಂದು ಅದಕ್ಕಿಂತ ಅಗಲವಾದರೆ ಉಳಿಯುವುದು ಎರಡೇ ದಾರಿ, ಕರೆಂಟಿನ ತಂತಿ ಅಥವಾ ನೆಲ. ನೆಲಕ್ಕಿಳಿದರೆ ನಾಯಿ, ರಸ್ತೆಯಲ್ಲಿ ಗಾಡಿಯ ಬೆಳಕು ಬಿತ್ತೋ, ಗೂಬೆಯೆದುರು ನಿಂತ ಹಾಗೆಯೇ ನಿಂತುಬಿಡುತ್ತದೆ. ಅದಕ್ಕೇ, ಮಳೆಗಾಲಕ್ಕೆ ಮುಂಚೆ ನಿಮ್ಮ ಬೀದಿಯಲ್ಲಿ ಕೊಂಬೆ ಸವರುವಾಗ, ಅಕ್ಕಪಕ್ಕದ ಎರಡು ಮರಗಳ ಕೊಂಬೆ ಒಂದು ಕಡೆಯಾದರೂ ತಾಗಿರುವಂತೆ ಉಳಿಸಿ ಅಂತ ಕೇಳಿ. ಆಗಲೇ ಕಡಿದಿದ್ದರೆ ದಪ್ಪ ನಾರಿನ ಹಗ್ಗವನ್ನೋ ಬಿದಿರನ್ನೋ ತಂತಿಯಿಂದ ದೂರ, ಕೊಂಬೆಯಿಂದ ಕೊಂಬೆಗೆ ಬಿಗಿಯಾಗಿ ಕಟ್ಟಬೇಕು. ಸಡಿಲವಾಗಿ ಜೋಲಾಡಿದರೆ ಅದು ಹತ್ತುವುದಿಲ್ಲ. ನೋಡುವ ಆಸೆಯಾದರೆ ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿಕೊಂಡು ಹೋಗು. ಬರಿಯ ಬಿಳಿ ಬೆಳಕು ಆ ಕಣ್ಣಿಗೆ ಹಿಂಸೆ. ಕೆಂಪು ಬೆಳಕಲ್ಲೂ ಎರಡು ಕೆಂಡ ಹೊಳೆದ ಹಾಗೆ ಕಾಣುತ್ತದೆ. ಕಂಡ ಮರ ಯಾವುದು ಅಂತ ಮಾತ್ರ ಯಾರಿಗೂ ಹೇಳಬೇಡ. ಮಾಟಮಂತ್ರಕ್ಕೆ, ಸಾಕುವುದಕ್ಕೆ ಅಂತ ಹಿಡಿಯುವವರು ಇದ್ದಾರೆ.

ಹದ್ದಿನ ರೆಕ್ಕೆ ಬಿಚ್ಚಿದರೆ ಸುಮಾರು ಒಂದೂವರೆ ಮೀಟರ್, ತೂಕ ಮಾತ್ರ ಒಂದು ಕಿಲೋ ಒಳಗೆ. ಕಾದ ನೆಲದಿಂದ ಏಳುವ ಗಾಳಿಯನ್ನು ಹತ್ತಿಕೊಂಡು ರೆಕ್ಕೆ ಬಡಿಯದೆ ಸುತ್ತುತ್ತಲೇ ಮೇಲೇರುತ್ತದೆ, ಕವಲು ಬಾಲ ಅದಕ್ಕೆ ಚುಕ್ಕಾಣಿ. ಭುಜದಿಂದ ಮಣಿಕಟ್ಟಿಗೆ ಒಂದು ತೆಳು ಚರ್ಮದ ಪದರ ಇದೆ. ಅದರ ಮುಂಭಾಗದ ಅಂಚಿನಲ್ಲಿ ದಾರದಂಥ ಸ್ನಾಯುರಜ್ಜು ಓಡುತ್ತದೆ. ಆಷಾಢದ ಗಾಳಿಗೆ ಗಾಳಿಪಟ ಏರಿದಾಗ ಮಾಂಜಾ, ಅಂದರೆ ಗಾಜಿನ ಪುಡಿ ಸವರಿದ ದಾರ, ಕೊಯ್ಯುವುದು ಬಹುಪಾಲು ಅದನ್ನೇ. ರಜ್ಜು ಹರಿದರೆ ಮೂಳೆ ಮುರಿಯದಿದ್ದರೂ ಆ ಹಕ್ಕಿ ಹಾರಲಾರದು. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಆದರೆ ಮರಕ್ಕೆ ಸಿಕ್ಕ ನೈಲಾನ್ ಕೊಳೆಯುವುದಿಲ್ಲ, ಹಬ್ಬ ಮುಗಿದು ತಿಂಗಳಾದರೂ ಬಲೆಯಾಗಿ ಕಾಯುತ್ತಿರುತ್ತದೆ.

ನೇತಾಡುವ ಹದ್ದು ಕಂಡರೆ ದಾರ ಎಳೆಯಬಾರದು, ಎಳೆದಷ್ಟೂ ಕೊಯ್ಯುತ್ತದೆ. ಮೊದಲು ಬಟ್ಟೆಯಿಂದ ತಲೆ, ರೆಕ್ಕೆ ಮುಚ್ಚಿ. ಕತ್ತಲಾದರೆ ಹಕ್ಕಿ ಶಾಂತವಾಗುತ್ತದೆ. ಗಾಯದ ಎರಡೂ ಕಡೆ ಗೇಣುದ್ದ ದಾರ ಬಿಟ್ಟು ಕತ್ತರಿಸಿ, ಒಳಗೆ ಹೂತ ದಾರವನ್ನು ವೈದ್ಯರೇ ತೆಗೆಯಲಿ. ತೂತು ಹಾಕಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆ ಬಟ್ಟೆ ಹಾಸಿ ಇಡಿ. ಬಾಯಿಗೆ ನೀರು ಹುಯ್ಯಬೇಡಿ! ಹಕ್ಕಿಯ ಉಸಿರ್ನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ, ಕರುಣೆಯಿಂದ ಹುಯ್ದ ನೀರೇ ಅದನ್ನು ಮುಳುಗಿಸುತ್ತದೆ.

ಬಾವಲಿಯದು ಚಿಕ್ಕ ಮಾತು. ತಲೆಕೆಳಗಾಗಿ ತೂಗಿದಾಗ ಅದರ ಮೈಭಾರವೇ ಕಾಲಿನ ರಜ್ಜನ್ನು ಎಳೆದು ಉಗುರಿಗೆ ಬೀಗ ಹಾಕುತ್ತದೆ, ಶಕ್ತಿ ಖರ್ಚಿಲ್ಲ. ದೊಡ್ಡ ಹಣ್ಣುಬಾವಲಿಯ ರೆಕ್ಕೆ ಒಂದು ಮೀಟರಿಗೂ ಮೀರಿ ಹರಡುತ್ತದೆ, ಎರಡು ತಂತಿಗೆ ಒಟ್ಟಿಗೆ ತಾಗುತ್ತದೆ. ಸತ್ತ ಮೇಲೂ ಬೀಗ ಬಿಡದೆ ನೇತಾಡುವುದನ್ನು ನೀನೂ ನೋಡಿದ್ದೀಯ. ಕೆಲವೊಮ್ಮೆ ಎದೆಯ ಮೇಲೆ ಮರಿ ಜೀವಂತ ಇರುತ್ತದೆ. ಕರೆಂಟು ತೆಗೆಸಿಯೇ ಇಳಿಸಬೇಕು, ಬರಿಗೈಯಲ್ಲಿ ಮುಟ್ಟಲೇಬಾರದು.

ಕೇರೆ ಹಾವು ಇನ್ನೊಂದು. ಹೊಟ್ಟೆಯ ಹುರುಪೆಗಳು ಹಿಂದಕ್ಕೆ ಬಾಗಿರುವುದರಿಂದಲೇ ಅದು ನೆಲ ಹಿಡಿದು ಮುಂದಕ್ಕೆ ಜಾರುವುದು. ತರಕಾರಿ ಗಿಡಕ್ಕೆ ಕಟ್ಟಿದ ನೈಲಾನ್ ಬಲೆಯೊಳಗೆ ತಲೆ ತೂರಿಸಿದರೆ ಅದೇ ಹುರುಪೆ ಹಿಂದೆ ಸರಿಯಲು ಬಿಡುವುದಿಲ್ಲ. ನಿನ್ನ ತಾರಸಿಯ ಸೋರೆಬಳ್ಳಿ ಹೇಗೋ ಇರಲಿ, ಊರಿನ ಹಿತ್ತಲಲ್ಲಿ ಮಾತ್ರ ಬಲೆಯನ್ನು ನೆಲದಿಂದ ಒಂದು ಅಡಿ ಮೇಲೆ ಎತ್ತಿ ಕಟ್ಟಿಸು.

ಮೇಲಿನದ್ದನ್ನೆಲ್ಲ ಒಮ್ಮೆ ಓದಿ ನೋಡಿದೆ ಕಣೋ, ಒಂದು ಅಳುಕು ಹತ್ತಿಕೊಂಡಿತು. ಯಾವ ಅಂಗ ಸೋಜಿಗವೋ ಅದೇ ಅಂಗ ಸಿಕ್ಕಿಬೀಳುವುದು. ಸ್ವಾರಸ್ಯದ ಸಂಗತಿ ಅಂತ ನಾನು ಬರೆದ ಪ್ರತಿಯೊಂದೂ ಕೊನೆಗೆ ಗಾಯಕ್ಕೆ ಹೋಗಿ ನಿಂತಿದೆ. ಹದ್ದಿನ ರಜ್ಜು ಎಲ್ಲಿ ಹರಿಯುತ್ತದೆ ಅಂತ ಕಣ್ಣುಮುಚ್ಚಿ ಹೇಳಬಲ್ಲೆ. ಅದು ಸುಮ್ಮನೆ ಗಾಳಿಯಲ್ಲಿ ತೇಲುವಾಗ ಬಾಲವನ್ನು ಯಾವ ಕಡೆಗೆ ಎಷ್ಟು ತಿರುಗಿಸುತ್ತದೆ ಅಂತ ಕೇಳಿದರೆ ತಡವರಿಸುತ್ತೇನೆ. ಈಗ ಆಕಾಶದಲ್ಲಿ ಹದ್ದು ಕಂಡರೆ ಕಣ್ಣು ತಾನಾಗಿ ದಾರ ಹುಡುಕುತ್ತದೆ. ಇದು ಯಾವಾಗ ಶುರುವಾಯಿತೋ ತಿಳಿಯಲಿಲ್ಲ. ಪುಟ್ಟಿಯ ಕಣ್ಣಿಗೆ ಇದು ಅಂಟಬಾರದು ಅಂತ ಹೆದರಿಕೆ. ಇಷ್ಟು ಹೇಳಬೇಕು ಅಂತ ಕೂತಿರಲಿಲ್ಲ, ಬಂದುಬಿಟ್ಟಿತು.

ಇರಲಿ, ಹೆಜ್ಜೇನಿಗೆ ಬರೋಣ, ಇದು ಅವಳಿಗೆ ಖಂಡಿತ ಹಿಡಿಸುತ್ತದೆ. ಕಣಜ ಹತ್ತಿರ ಬಂದರೆ ತಟ್ಟಿಯ ಮೇಲಿನ ಸಾವಿರಾರು ಹುಳ ಸಾಲಾಗಿ ಹಿಂಭಾಗ ಎತ್ತಿ ಇಳಿಸುತ್ತವೆ. ಇಡೀ ತಟ್ಟಿಯ ಮೇಲೆ ಅಲೆ ಎದ್ದ ಹಾಗೆ ಕಾಣುತ್ತದೆ, ಕಣಜ ಬೆದರಿ ದೂರ ಹೋಗುತ್ತದೆ. ಬೆಳದಿಂಗಳಲ್ಲಿ ಹೂವಿಗೆ ಹೋಗಿ ಬರಬಲ್ಲ ಜೇನು ಇದು. ನಿಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿ ದೀಪಕ್ಕೆ ರಾತ್ರಿ ಬಂದು ಬೀಳುವುದೂ ಇದೇ. ಮೇಲೆ ತಟ್ಟಿ ಇರುವಷ್ಟು ದಿನ ಸಂಜೆಯಾದ ಮೇಲೆ ಹೊರಗಿನ ದೀಪ ಆರಿಸಿ ಪರದೆ ಎಳೆ. ಹೊಗೆ, ಬೆಂಕಿ ಬೇಡ. ಕೆಲವು ತಿಂಗಳಾದ ಮೇಲೆ ಅವೇ ಎದ್ದು ಬೇರೆ ಊರಿಗೆ ಹೋಗುತ್ತವೆ. ಬೆಳಗ್ಗೆ ನೆಲದ ಮೇಲೆ ಸತ್ತು ಬಿದ್ದದ್ದನ್ನು ಪುಟ್ಟಿ ಬರಿಗಾಲಲ್ಲಿ ತುಳಿಯದಿರಲಿ, ಸತ್ತ ಹುಳದ ಮುಳ್ಳೂ ಚುಚ್ಚುತ್ತದೆ. ಚುಚ್ಚಿದರೆ ಉಗುರಿಂದ ಕೂಡಲೇ ಕೆರೆದು ತೆಗೆ. ವಿಷದ ಚೀಲ ಮುಳ್ಳಿನ ಜೊತೆಯಲ್ಲೇ ಉಳಿದು ಒತ್ತುತ್ತಲೇ ಇರುತ್ತದೆ.

ಚಾರ್ಟಿನ ನಡುವೆ ಆ ಅಲೆಯನ್ನೇ ಬಿಡಿಸಲಿ, ಹಳದಿ ಬಣ್ಣ ಧಾರಾಳವಾಗಿ ಬಳಿಯಲಿ. ಹತ್ತು ಕೇಳಿದ್ದೆ, ಆರಾಯಿತು. ಏಳನೆಯದು ಆಮೆಯೇ ಆಗಬೇಕು ಅಂತ ಅವಳು ಹಟ ಹಿಡಿದರೆ ಆ ಕತೆ ನೀನೇ ಹೇಳು, ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತೇನೆ. ಭಾನುವಾರ ಬರುತ್ತೇನೆ, ಕೆಂಪು ಜಿಲೇಟಿನ್ ಕಾಗದ ನಾನೇ ತರುತ್ತೇನೆ.

ನಿನ್ನ ಗೆಳೆಯ