ಫಿಲ್ಟರ್ ಬದಲಿಸಿದರೆ ಮುಗಿಯಿತೇ?

ಮಾನ್ಯರೇ,

ಲಘು ವಿಮಾನಗಳ ಎಂಜಿನ್ ಕುರಿತು ನಿಮ್ಮಲ್ಲಿ ಬಂದ ಬರಹ ಆಯಿಲ್ ಫಿಲ್ಟರ್ ಬದಲಿಸುವಲ್ಲಿಗೇ ನಿಂತಿತು. ಇಂಥ ವಿಮಾನಗಳಲ್ಲಿ ಬಳಕೆಯಿರುವ ಲೈಕಮಿಂಗ್ ಎಂಜಿನ್‌ನ ಸಂಪ್‌ನೊಳಗಿನ (ತಳದ ಆಯಿಲ್ ತೊಟ್ಟಿ) ಸಕ್ಷನ್ ಸ್ಕ್ರೀನ್‌ನ, ಅಂದರೆ ಪಂಪು ಆಯಿಲ್ ಹೀರುವಾಗ ಚೂರುಗಳನ್ನು ತಡೆಯುವ ಜಾಲರಿಯ, ಮಾತೇ ಇಲ್ಲ. ಹೊಸೂರು ಬಳಿಯ ಬೆಳಗೊಂಡಪಲ್ಲಿಯ ರನ್‌ವೇ ನೋಡುತ್ತ ಈ ಕೆಲಸ ಕಲಿಯಬಯಸುವ ನಮ್ಮ ಹುಡುಗರಿಗಾಗಿ ಎರಡು ಮಾತು.

ಫುಲ್-ಫ್ಲೋ ಫಿಲ್ಟರ್ (ಹರಿಯುವ ಆಯಿಲನ್ನೆಲ್ಲ ಸೋಸುವಂಥದ್ದು) ಇದ್ದರೆ ಎಂಜಿನ್ ಓಡಿದ 50 ಗಂಟೆ, ಬರೀ ಪ್ರೆಷರ್ ಸ್ಕ್ರೀನ್ (ಪಂಪಿನ ಮುಂದಿನ ಲೋಹದ ಜಾಲರಿ) ಇದ್ದರೆ 25 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು. ಹಾರಾಟ ಕಡಿಮೆಯಾದರೂ 4 ತಿಂಗಳು ಮೀರುವಂತಿಲ್ಲ. ಎಂಜಿನ್ ಬೆಚ್ಚಗಿರುವಾಗಲೇ ಆಯಿಲ್ ಇಳಿಸಿ, ಸಕ್ಷನ್ ಸ್ಕ್ರೀನ್‌ನ ಜಾಲರಿ ಬಿಚ್ಚಿ. ತೊಳೆಯುವ ಆತುರ ಬೇಡ, ಮೊದಲು ನೋಡಿ. ಆಮೇಲೆ ಶುದ್ಧ ಪಾತ್ರೆಯಲ್ಲಿ ಸಾಲ್ವೆಂಟ್ ಹಾಕಿ ತೊಳೆದು, ಆ ದ್ರವವನ್ನು ಬಿಳಿ ಬಟ್ಟೆಯಲ್ಲಿ ಸೋಸಿ. ಉಗುರಿಗೆ ಪುಡಿಯಾಗುವ ಕರಿ ಚೂರು ಕಾರ್ಬನ್. ಆಯಸ್ಕಾಂತಕ್ಕೆ ಅಂಟಿದ್ದು ಉಕ್ಕು. ಅಂಟದೆ ಮಿನುಗುವುದು ಅಲ್ಯೂಮಿನಿಯಂ ಇರಬಹುದು. ಈ ಒರಟು ಜಾಲರಿಯಲ್ಲೇ ಲೋಹದ ತುಂಡು ಸಿಕ್ಕರೆ, ಕಾರಣ ಗೊತ್ತಾಗುವವರೆಗೆ ವಿಮಾನ ಹಾರಿಸಬಾರದು.

ಎಡವಟ್ಟಾಗುವುದು ಹೆಚ್ಚಾಗಿ ಮರಳಿ ಕೂರಿಸುವಾಗ. ಜಾಲರಿಯ ಒಳತುದಿ ಸಂಪ್‌ನ ಗುಳಿಯಲ್ಲಿ ಸರಿಯಾಗಿ ಕೂರದಿದ್ದರೆ ಮಡಚಿ ನಜ್ಜುಗುಜ್ಜಾಗುತ್ತದೆ, ಪಂಪಿಗೆ ಆಯಿಲ್ ಸಾಲದು. ಜಾಲರಿಯ ಪ್ಲಗ್ಗನ್ನು ಕೈಯಲ್ಲೇ ತಿರುಗಿಸಿ, ಗ್ಯಾಸ್ಕೆಟ್ (ಸೋರಿಕೆ ತಡೆಯುವ ಬಳೆ) ಮುಟ್ಟುವ ಮೊದಲೇ ಬಿಗಿ ಅನ್ನಿಸಿದರೆ ಸ್ಪ್ಯಾನರ್ ಹಚ್ಚದೆ ಹೊರತೆಗೆದು ನೋಡಿ. ಗ್ಯಾಸ್ಕೆಟ್ ಪ್ರತಿಸಲವೂ ಹೊಸದು. ಅದು ಮುಟ್ಟಿದ ಮೇಲೆ ಸ್ಪ್ಯಾನರ್‌ನಲ್ಲಿ 135 ಡಿಗ್ರಿ ತಿರುಗಿಸಿ, ಬಿಗಿಯುವ ದಿಕ್ಕಿಗೇ ಎಳೆಯುವಂತೆ ಸೇಫ್ಟಿ ವೈರ್ (ಪ್ಲಗ್ ಸಡಿಲವಾಗದಂತೆ ಹಿಡಿಯುವ ತಂತಿ) ಕಟ್ಟಿ. ಹೊಸ ಆಯಿಲ್ ತುಂಬಿ ಸ್ಟಾರ್ಟ್ ಮಾಡಿದ 30 ಸೆಕೆಂಡಿನೊಳಗೆ ಆಯಿಲ್ ಪ್ರೆಷರ್ ಕಾಣದಿದ್ದರೆ ತಕ್ಷಣ ಎಂಜಿನ್ ನಿಲ್ಲಿಸಿ. ಪ್ರೆಷರ್ ಕಂಡರೂ ಎಂಜಿನ್ ನಿಲ್ಲಿಸಿದ ಮೇಲೆ ಕೆಳಗೆ ಬಗ್ಗಿ ಸೋರಿಕೆ ನೋಡಿ, ಲಾಗ್‌ಬುಕ್ಕಿನಲ್ಲಿ ಬರೆಯಿರಿ.

– ಓದುಗ, ಹೊಸೂರು