ಕತ್ತರಿಸಬೇಡಿ, ಬೇರು ಸಮೇತ ಕೀಳಿಸಿ

ಮಾನ್ಯ ಶಾಸಕರೇ,

ನಮಸ್ಕಾರ. 11 ವರ್ಷದಿಂದ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಅದಕ್ಕೇ ಈ ಸಲ ಊರಿಗೆಲ್ಲ ಕಾಣೋ ಹಾಗೆ ಬರೆಯುತ್ತಿದ್ದೇನೆ. ಕಾಲುವೆ ದಂಡೆಯ ಜಾಲಿಯನ್ನು ಬೇರು ಸಮೇತ ಕೀಳಿಸಿ.

ನಮ್ಮ ಹೊಲದ ಮಗ್ಗುಲಲ್ಲೇ ತುಂಗಭದ್ರಾ ನೀರಿನ ಉಪಕಾಲುವೆ ಇದೆ. ದಂಡೆ ಮೇಲೆ ಬಳ್ಳಾರಿ ಜಾಲಿ, ಅದರ ಆಚೀಚೆ ಕಾಂಗ್ರೆಸ್ ಕಸ. (ಪಕ್ಷದ ಮಾತಲ್ಲ, ಪಾರ್ಥೇನಿಯಂಗೆ ಜನ ಇಟ್ಟ ಹೆಸರು. ಸಿಟ್ಟಾಗಬೇಡಿ.) ದಂಡೆ ಕಡೆಯ 7 ಸಾಲು ಜೋಳ ಸರಿಯಾಗಿ ಹುಟ್ಟೋದೇ ಇಲ್ಲ. ಹುಟ್ಟಿದ್ದೂ ಗೇಣುದ್ದಕ್ಕೆ ಹಳದಿಯಾಗಿ ನಿಂತುಬಿಡುತ್ತದೆ. ಬೀಜ ನನ್ನದು, ಗೊಬ್ಬರ ನನ್ನದು, ಹೊಲ ಮಾತ್ರ ಜಾಲಿಯದು.

ನೋಡಲು ಬಂದ ಸಾಹೇಬರೊಬ್ಬರು ಜೀಪಿನಿಂದ ಇಳಿಯದೆಯೇ "ನೆರಳಿಗೆ ಹಾಗಾಗುತ್ತೆ ಬಿಡ್ರಿ" ಅಂದರು. ಆಯ್ತು ಅಂತ ಎರಡು ಹಳೆ ಎಣ್ಣೆ ಡಬ್ಬಿ ತಂದೆ. ಒಂದಕ್ಕೆ ಹೊಲದ ನಡುವಿನ ಎರೆಮಣ್ಣು, ಇನ್ನೊಂದಕ್ಕೆ ಎಲೆ ಉದುರಿ ಕೊಳೆತ ಜಾಲಿ ಬುಡದ ಮಣ್ಣು. ಎರಡಕ್ಕೂ 20 ಕಾಳು ಜೋಳ. ಒಂದೇ ಕೊಡದ ನೀರು, ಮಾಳಿಗೆ ಮೇಲಿನ ಒಂದೇ ಬಿಸಿಲು. ಎಂಟನೇ ದಿನ ಹೊಲದ ಮಣ್ಣಲ್ಲಿ 18 ಮೊಳಕೆ, ಜಾಲಿ ಮಣ್ಣಲ್ಲಿ 6. ಆ 6ನ್ನೂ ಕಿತ್ತು ನೋಡಿದೆ. ಬೇರಿನ ತುದಿ ಕಂದಿ, ಸುಟ್ಟ ಬತ್ತಿಯ ಹಾಗಿತ್ತು. ಡಬ್ಬಿಗೆ ನೆರಳು ಎಲ್ಲಿಂದ ಬಂತು ಸ್ವಾಮಿ?

ನಾನೇನೂ ಹೊಸದು ಕಂಡುಹಿಡಿದಿಲ್ಲ. ಜಾಲಿಯ ಉದುರೆಲೆಯಿಂದ ಮಣ್ಣಿಗೆ ಇಳಿಯೋ ರಸ ಬೇರೆ ಬೀಜ ಮೊಳೆಯೋದನ್ನು ತಡೆಯುತ್ತದೆ. ಕಾಂಗ್ರೆಸ್ ಕಸದಲ್ಲಿ ಪಾರ್ಥೆನಿನ್ ಅನ್ನೋ ವಿಷ ಇದೆ. ಅದು ಪಕ್ಕದ ಸಸಿಯನ್ನೂ ಬಿಡಲ್ಲ, ನನ್ನ ಹೆಂಡತಿಯ ಕೈಯನ್ನೂ ಬಿಡಲ್ಲ. ಕಳೆ ಕಿತ್ತ ದಿನ ರಾತ್ರಿಯೆಲ್ಲ ತುರಿಕೆ, ನಿದ್ದೆಯಿಲ್ಲ. ಈ ಕಸವನ್ನು 1975ರಲ್ಲೇ ನಮ್ಮ ರಾಜ್ಯ ಅಪಾಯಕಾರಿ ಕಳೆ ಅಂತ ಘೋಷಿಸಿದೆ. ನಿಯಮ ನಿಮಗೆ ಗೊತ್ತೇ ಇದೆ, ನಾನು ಹೇಳಬೇಕಾ?

ಹೋದ ವರ್ಷ "ಸ್ವಚ್ಛತಾ ಕಾಮಗಾರಿ" ಅಂತ ಒಂದು ಆಯ್ತು. ಜಾಲಿಯನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದರು. ಹೂ ಬಿಟ್ಟ ಕಸವನ್ನೆಲ್ಲ ಜೆಸಿಬಿಯಿಂದ ಗೋರಿ ನನ್ನ ಬದುವಿಗೆ ಸುರಿದರು. ಫೋಟೊ ಹೊಡೆದರು, ಬೋರ್ಡ್ ನೆಟ್ಟರು, ಹೋದರು. ಒಂದು ಗಿಡಕ್ಕೆ ಸಾವಿರಗಟ್ಟಲೆ ಬೀಜ. ದಂಡೆ ಮೇಲಿದ್ದ ಕಸ ಈಗ ಹೊಲದ ನಡುವೆ ಇದೆ. ಕತ್ತರಿಸಿದ ಒಂದೊಂದು ಬುಡಕ್ಕೂ ಐದಾರು ಚಿಗುರು. ಬೋರ್ಡ್ ಜಾಲಿಯೊಳಗೆ ಮುಚ್ಚಿಹೋಗಿದೆ. ಓದಬೇಕಂದ್ರೆ ಕೊಡಲಿ ತಗೊಂಡು ಹೋಗಬೇಕು.

ಅಮೆರಿಕದ ಕಡೆಯಿಂದ ಬಂದ ಗಿಡಕ್ಕೆ ಬಳ್ಳಾರಿ ಹೆಸರು ಸುಮ್ನೆ ಅಂಟಿಕೊಂಡಿದೆ. ಗಡಿಯಾಚೆ ತೆಲುಗಿನವರು ಇದನ್ನು "ಸರ್ಕಾರು ತುಮ್ಮ" ಅಂತಾರೆ. ಅಂದರೆ ಸರ್ಕಾರಿ ಜಾಲಿ. ಅವರದೇ ಸರಿ ಅನಿಸುತ್ತೆ.

ಹಿಂಗಾರಿ ಬಿತ್ತನೆ ಬರುತ್ತಿದೆ. ಜಾಲಿ ಕತ್ತರಿಸಬೇಡಿ, ಬೇರು ಸಮೇತ ಕೀಳಿಸಿ. ಕಸ ಹೂ ಬಿಡೋ ಮುಂಚೆ ಕೀಳಿಸಿ. ಕಿತ್ತಿದ್ದನ್ನು ನನ್ನ ಹೊಲಕ್ಕೆ ಸುರಿಸಬೇಡಿ.

ಡಬ್ಬಿ ಎರಡೂ ಮಾಳಿಗೆ ಮೇಲೇ ಇವೆ. ಬಂದು ನೋಡಿ. ಜೀಪಿನಿಂದ ಇಳಿಯಬೇಕಾಗುತ್ತದೆ, ಅಷ್ಟೇ.

ಇತಿ,
ಬಳ್ಳಾರಿ ಜಿಲ್ಲೆಯ ಒಬ್ಬ ರೈತ