ಯವ ಎಂದರೆ ಬಾರ್ಲಿಯೇ: ನಿಮ್ಮ ಗಂಜಿ ಪುಡಿಯ ಬಗ್ಗೆ ದೂರು

ಗ್ರಾಹಕ ಸೇವೆಯ ಮುಖ್ಯಸ್ಥರಿಗೆ,

4 ಸಲ ಫೋನ್ ಮಾಡಿದೆ, 2 ಮೇಲ್ ಕಳಿಸಿದೆ. ಇನ್ನು ಫೋನ್ ಮಾಡುವುದಿಲ್ಲ.

ನಿಮ್ಮ ಪೊಟ್ಟಣದ ಮುಂದೆ ದೊಡ್ಡದಾಗಿ 'ಗೋಧಿ ಇಲ್ಲ, ಗ್ಲುಟನ್ ಮುಕ್ತ' ಎಂದಿದೆ. ಹಿಂದೆ ಸಣ್ಣ ಅಕ್ಷರದಲ್ಲಿ 'ಯವ' ಎಂದಿದೆ. ನನ್ನ ಮಗಳಿಗೆ ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿಯಂಥ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ಹೊಟ್ಟೆಗೆ ಹೋದರೆ ಅವಳ ಸಣ್ಣ ಕರುಳಿನ ಒಳಪದರಕ್ಕೇ ಪೆಟ್ಟು. ಹಿಂದಿನದನ್ನೂ ಓದಿದ್ದೆ. ಯವ ಎಂದರೆ ಬಾರ್ಲಿ ಎಂದು ಆಗ ಹೊಳೆಯಲಿಲ್ಲ. 3 ದಿನ ಗಂಜಿ ಕೊಟ್ಟೆ. ಅವಳು ಹೊಟ್ಟೆ ಹಿಡಿದುಕೊಂಡು ಮಲಗಿದಳು.

ಕೊನೆಯ ಫೋನ್ ಮಾತು ಹೀಗಿತ್ತು. "ಮೇಡಂ, ನಮ್ಮದರಲ್ಲಿ ಬಾರ್ಲಿ ಇಲ್ಲ, ಯವ ಇದೆ" ಎಂದರು ನಿಮ್ಮವರು. ಎರಡೂ ಒಂದೇ ಎಂದೆ. "ಇಲ್ಲ ಮೇಡಂ, ಯವ ಹಳೇ ಕಾಲದ ಧಾನ್ಯ." ಬಾರ್ಲಿಗೆ ಜವೆಗೋಧಿ ಅಂತಲೂ ಹೆಸರಿದೆ, ಕೇಳಿದ್ದೀರಾ ಎಂದೆ. "ಅದು ಗೋಧಿ. ಗೋಧಿ ಇಲ್ಲ ಅಂತ ಮುಂದೇನೇ ಬರೆದಿದೆಯಲ್ಲ, ನೀವು ಓದಿಲ್ವಾ?" ಆಮೇಲೆ ಲೈನಿನಲ್ಲಿ ಇರಿ ಎಂದರು. 11 ನಿಮಿಷ ಸಂಗೀತ ಕೇಳಿದೆ. ಅದು ನಿಂತಾಗ ಅವರು ಪಕ್ಕದವರಿಗೆ ಹೇಳುತ್ತಿದ್ದುದು ಕೇಳಿಸಿತು: "ಯಾರೋ ಒಬ್ರು ಸುಮ್ನೆ ಹೆಸರಿಗೆ ಜಗಳ ಆಡ್ತಿದ್ದಾರೆ." ಇಬ್ಬರೂ ನಕ್ಕರು. ಪಕ್ಕದಲ್ಲಿ ಮಗಳು ಮಲಗಿದ್ದಳು. ನನಗೆ ಮಾತೇ ಹೊರಡಲಿಲ್ಲ.

ಹೌದು, ಹೆಸರಿಗೇ ಜಗಳ. ಕಾಯಿಲೆಯವರು ಅಂಗಡಿಯಲ್ಲಿ ಧಾನ್ಯವನ್ನು ಪರೀಕ್ಷೆ ಮಾಡಲು ಆಗುತ್ತದೆಯೇ? ಅವರಿಗೆ ಇರುವುದು ಹೆಸರೊಂದೇ. ವೇದಗಳ ಕಾಲದಲ್ಲಿ ಯವ ಎಂಬ ಮಾತು ಧಾನ್ಯ ಎಂಬ ಅರ್ಥದಲ್ಲೂ ಬಳಕೆಯಲ್ಲಿತ್ತು. ಆಮೇಲೆ ಅದು ಬಾರ್ಲಿಗೇ ನಿಂತಿತು. ಕನ್ನಡದ ಜವೆ, ಹಿಂದಿಯ ಜೌ, ಎರಡೂ ಅದರಿಂದಲೇ ಬಂದವು. ಜವೆಗೋಧಿ ಹೆಸರಿನಲ್ಲಿ ಗೋಧಿ ಇದ್ದರೂ ಅದು ಗೋಧಿಯಲ್ಲ. ಅದರ ಕುಲ ಹಾರ್ಡಿಯಮ್, ಗೋಧಿಯದು ಟ್ರಿಟಿಕಮ್. ಆದರೆ ಅದರಲ್ಲಿ ಹಾರ್ಡೀನ್ ಎಂಬ ಗ್ಲುಟನ್ ಪ್ರೋಟೀನ್ ಇದೆ. ಗೋಧಿ ಇಲ್ಲ ಎಂದ ಮಾತ್ರಕ್ಕೆ ಗ್ಲುಟನ್ ಇಲ್ಲ ಎಂದಾಗುವುದಿಲ್ಲ. ಹೊಟ್ಟು ತೆಗೆದು ಪಾಲಿಶ್ ಮಾಡಿದ್ದೇವೆ ಎಂದು ನಿಮ್ಮ ಮೇಲ್‌ನಲ್ಲಿ ಬರೆದಿದ್ದೀರಿ. ಪಾಲಿಶ್ ಮಾಡಿದರೆ ಹೊರಗಿನದು ಹೋಗುತ್ತದೆ. ಗ್ಲುಟನ್ ಇರುವುದು ಕಾಳಿನ ಒಳಗೆ.

ಗ್ಲುಟನ್ ಮುಕ್ತ ಎಂದು ಬರೆಯಲು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಇಟ್ಟಿರುವ ಮಿತಿ ಕೆಜಿಗೆ 20 ಮಿಲಿಗ್ರಾಂ ಗ್ಲುಟನ್. ಬಾರ್ಲಿ ಇದ್ದರೆ ಹೇಳಲೇಬೇಕು ಎನ್ನುವುದೂ ಅದರ ನಿಯಮ. ಆಹಾರ ಮಾರುವ ನಿಮಗೆ ಇದು ಗೊತ್ತಿರಲೇಬೇಕು. ಗೊತ್ತಿದ್ದೂ ಬರೆದಿದ್ದರೆ ಅದು ಮೋಸ.

ಹಣ ವಾಪಸ್ ಕೊಡುತ್ತೇವೆ ಎಂದಿರಿ. ನನಗೆ ಅದು ಬೇಡ. 7 ದಿನದೊಳಗೆ ಆ ಪೊಟ್ಟಣಗಳನ್ನು ಅಂಗಡಿಗಳಿಂದ ವಾಪಸ್ ತರಿಸಿ, 'ಬಾರ್ಲಿ ಇದೆ' ಎಂದು ಮುಂದೆಯೇ ಬರೆಯಿರಿ. ಇಲ್ಲದಿದ್ದರೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡುತ್ತೇನೆ, ಗ್ರಾಹಕ ನ್ಯಾಯಾಲಯಕ್ಕೂ ಹೋಗುತ್ತೇನೆ. ಪೊಟ್ಟಣ, ಬಿಲ್ಲು, ವೈದ್ಯರ ಚೀಟಿ ಎಲ್ಲ ಎತ್ತಿಟ್ಟಿದ್ದೇನೆ. ನಿಮ್ಮವರು ನಕ್ಕ ಆ ಫೋನ್ ಮಾತಿನ ರೆಕಾರ್ಡಿಂಗ್ ನಿಮ್ಮಲ್ಲೇ ಇರುತ್ತದೆ. ಅಳಿಸಬೇಡಿ, ಅದನ್ನೂ ಕೇಳಿ ತರಿಸುತ್ತೇನೆ.

ಇಂತಿ,
ಒಬ್ಬ ತಾಯಿ